ಬೆಳ್ಳೂರಿನ ಹೆಸರು ಹೊತ್ತ ಮೇಷ್ಟ್ರು: ಸಂಘ ನಡೆಸೋದು ಹೇಗೆ ಅಂತ ತೋರಿಸಿಕೊಟ್ಟ ಬಿ.ಎಂ.ಶ್ರೀ

ಬೆಳ್ಳೂರು ಕ್ರಾಸ್ ಗೊತ್ತಿಲ್ಲದವರು ನಮ್ಮ ಜಿಲ್ಲೆಯಲ್ಲಿ ಯಾರಿದ್ದಾರೆ ಹೇಳಿ? ಬೆಂಗಳೂರು–ಹಾಸನ ಹೆದ್ದಾರಿಯಲ್ಲಿ ಬಸ್ಸಿಳಿದು, ಒಂದು ಕಾಫಿ ಕುಡಿದು, ನಾಗಮಂಗಲದ ಕಡೆ ಬಸ್ಸು ಹಿಡಿಯೋದು ನಮಗೆಲ್ಲ ಅಭ್ಯಾಸ. ಆದರೆ ಬಿ.ಎಂ.ಶ್ರೀ ಅನ್ನೋ ಹೆಸರಿನ ಮೊದಲ ಅಕ್ಷರ ಇದೇ ಬೆಳ್ಳೂರು ಅಂತ ಅಲ್ಲಿ ಕಾಫಿ ಕುಡಿಯುವವರಲ್ಲಿ ಎಷ್ಟು ಜನಕ್ಕೆ ಗೊತ್ತು? ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯ. ಬೆಳ್ಳೂರು ಮನೆತನದ ಊರು, ಮೈಲಾರಯ್ಯ ತಂದೆ.

ಶಾಲೆಯಲ್ಲಿ ಓದಿದವರಿಗೆ ಬಿ.ಎಂ.ಶ್ರೀ ಅಂದರೆ ಹೊಸಗನ್ನಡ ಕಾವ್ಯಕ್ಕೆ ದಾರಿ ಮಾಡಿದವರು, ಕನ್ನಡದ ಕಣ್ವ. ಅಷ್ಟು ಪಾಠ ಎಲ್ಲರಿಗೂ ಆಗಿದೆ. ಈ ಬರಹ ಅವರ ಇನ್ನೊಂದು ಕೆಲಸದ ಬಗ್ಗೆ. ಕಾಲೇಜಿನ ಉದ್ಯೋಗದ ಜೊತೆಜೊತೆಗೇ ಅವರು ಐದು ವರ್ಷ ಒಂದು ಸಂಘವನ್ನು ನಡೆಸಿದರು. ಅದು ಕನ್ನಡ ಸಾಹಿತ್ಯ ಪರಿಷತ್ತು. ಇವತ್ತು ನಾಗಮಂಗಲ, ಕೆ.ಆರ್.ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ, ನಾಲ್ಕೂ ತಾಲೂಕಲ್ಲಿ ಅದರ ಘಟಕಗಳಿವೆ. ನಮ್ಮ ಪೇಟೆ ಬೀದಿಗಳಲ್ಲಿ ವರ್ತಕರ ಸಂಘ, ಯುವಕರ ಸಂಘ, ರಾಜ್ಯೋತ್ಸವ ಸಮಿತಿ ಅಂತ ಓಡಾಡುವವರು ತುಂಬಾ ಜನ ಇದ್ದೀರಿ. ನಿಮಗೆ ಈ ಮೇಷ್ಟ್ರ ಕಥೆ ಉಪಯೋಗಕ್ಕೆ ಬರುತ್ತೆ.

ಕೋಟೆ ಊರಿನ ಹುಡುಗ

ಶ್ರೀಕಂಠಯ್ಯನವರು ಹುಟ್ಟಿದ್ದು 1884ರ ಜನವರಿ 3ರಂದು, ತುಮಕೂರು ಜಿಲ್ಲೆಯ ಸಂಪಿಗೆ ಅನ್ನೋ ಊರಲ್ಲಿ. ತಾಯಿ ಭಾಗೀರಥಮ್ಮ. ಬೆಳೆದದ್ದು, ಮೊದಲ ಅಕ್ಷರ ತಿದ್ದಿದ್ದು ಮಾತ್ರ ನಮ್ಮ ಶ್ರೀರಂಗಪಟ್ಟಣದಲ್ಲಿ. ತಂದೆ ಮೈಲಾರಯ್ಯನವರು ವಕೀಲರು. ಹಾಗಾಗಿ ಹುಡುಗನ ಶಾಲೆಯೂ ಪಟ್ಟಣದಲ್ಲೇ ಆಯಿತು.

ಆಗಿನ ಪಟ್ಟಣವನ್ನು ಒಂದು ಸಲ ನೆನೆಸಿಕೊಳ್ಳಿ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ರಾಜಧಾನಿ ಮೈಸೂರಿಗೆ ಹೋಗಿತ್ತು. ಸ್ವಲ್ಪ ವರ್ಷಕ್ಕೆ ಜ್ವರದ ಕಾಟ ತಾಳಲಾರದೆ ಬ್ರಿಟಿಷರ ದಂಡೂ ಬೆಂಗಳೂರಿಗೆ ಎದ್ದು ಹೋಯಿತು. ಉಳಿದದ್ದು ರಂಗನಾಥಸ್ವಾಮಿ ದೇವಸ್ಥಾನ, ಮಸೀದಿ, ಕೋಟೆ ಗೋಡೆ, ಎರಡು ಕಡೆ ಕಾವೇರಿ, ಗಂಜಾಮಿನ ಬೀದಿಗಳು. ದೊಡ್ಡ ಕಾಲ ಕಂಡ ಊರು ಸಣ್ಣದಾಗಿ ಬದುಕುತ್ತಿತ್ತು. ಈಗಿನ ಪಾಂಡವಪುರಕ್ಕೆ ಆಗ ಫ್ರೆಂಚ್ ರಾಕ್ಸ್ ಅನ್ನೋ ಹೆಸರು. ಈಗಿನ ಕೆ.ಆರ್.ಪೇಟೆ ಅತ್ತಿಕುಪ್ಪೆ. ಮಂಡ್ಯ ಜಿಲ್ಲೆ ಅನ್ನೋದೇ ಇರಲಿಲ್ಲ. ನಾಲ್ಕು ತಾಲೂಕೂ ಮೈಸೂರು ಜಿಲ್ಲೆಗೆ ಸೇರಿದ್ದವು.

ಹಳೇ ಊರಲ್ಲಿ ಬೆಳೆದವರಿಗೆ ಒಂದು ವಿಷಯ ಬೇಗ ಗೊತ್ತಾಗುತ್ತೆ. ಕಲ್ಲು ತಾನಾಗಿ ಉಳಿಯಲ್ಲ, ಉಳಿಸುವವರು ಇದ್ದರೆ ಉಳಿಯುತ್ತೆ. ದೇವಸ್ಥಾನದಲ್ಲಿ ದಿನಾ ದೀಪ ಹಚ್ಚುವ ಕೈ ಇತ್ತು, ಅದು ಉಳಿಯಿತು. ಅರಮನೆಗೆ ಆ ಕೈ ಇರಲಿಲ್ಲ, ಅದು ಮಣ್ಣಾಯಿತು. ಮುಂದೆ ಶ್ರೀಕಂಠಯ್ಯನವರು ಕೈಗೆತ್ತಿಕೊಂಡದ್ದೂ ಅಂಥದ್ದೇ ಕೆಲಸ. ಹಿಂದೆ ದೊಡ್ಡದಾಗಿದ್ದು ಈಗ ಬಡವಾಗಿರೋ ಒಂದನ್ನು ಮತ್ತೆ ನಿಲ್ಲಿಸೋದು. ಅವರ ಪಾಲಿಗೆ ಅದು ಕನ್ನಡವಾಗಿತ್ತು.

ಇಂಗ್ಲಿಷ್ ಮೇಷ್ಟ್ರು ಕನ್ನಡಕ್ಕೆ ಬಂದದ್ದು

ಪಟ್ಟಣದ ಓದು ಮುಗಿದ ಮೇಲೆ ಮೈಸೂರಿನ ವೆಸ್ಲಿಯನ್ ಮಿಷನ್ ಶಾಲೆ, ಮಹಾರಾಜ ಕಾಲೇಜು, ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜು. ಮದರಾಸಿನಲ್ಲಿ ಕಾನೂನೂ ಓದಿದರು, ಎಂ.ಎ. ಪದವಿಯನ್ನೂ ಪಡೆದರು. ಅಪ್ಪನ ಹಾಗೆ ಕರಿ ಕೋಟು ಹಾಕಿಕೊಂಡು ಕೋರ್ಟಿಗೆ ಹೋಗಬಹುದಿತ್ತು. 1909ರಲ್ಲಿ ಮಹಾರಾಜ ಕಾಲೇಜಿಗೆ ಇಂಗ್ಲಿಷ್ ಮೇಷ್ಟ್ರಾಗಿ ಸೇರಿಕೊಂಡರು.

ಆ ಕಾಲದಲ್ಲಿ ಇಂಗ್ಲಿಷ್ ಕಲಿತವರು ಕನ್ನಡದಲ್ಲಿ ಮಾತಾಡೋಕೂ ಸಂಕೋಚ ಪಡೋರು. ಕಾಗದ ಇಂಗ್ಲಿಷಲ್ಲಿ, ಸಭೆ ಇಂಗ್ಲಿಷಲ್ಲಿ. ಮನೆಯಲ್ಲಿ ಅಮ್ಮನ ಜೊತೆ, ಸಂತೆಯಲ್ಲಿ ರೈತನ ಜೊತೆ ಮಾತ್ರ ಕನ್ನಡ. ಇಂಗ್ಲಿಷ್ ಪಾಠ ಹೇಳಿ ಸಂಬಳ ತಗೊಳ್ಳೋ ಮೇಷ್ಟ್ರೇ ಎದ್ದು ನಿಂತು, ಇದು ಹೀಗೇ ನಡೆದರೆ ನಮ್ಮ ಜನಕ್ಕೆ ಓದಿದವರಿಂದ ಏನೂ ಸಿಗಲ್ಲ ಅಂದಾಗ ಜನ ತಿರುಗಿ ನೋಡಿದರು. ಕನ್ನಡ ಪಂಡಿತರು ಈ ಮಾತು ಹೇಳಿದ್ದರೆ ಅವರ ಕಸುಬು, ಹೇಳ್ತಾರೆ ಬಿಡಿ ಅಂತ ಸುಮ್ಮನಾಗಿಬಿಡುತ್ತಿದ್ದರೇನೋ.

1911ರಲ್ಲಿ ಅವರು ಧಾರವಾಡಕ್ಕೆ ಹೋದರು. ಅಲ್ಲಿನ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಕನ್ನಡ ಮಾತು ತಲೆ ಎತ್ತುವ ಬಗೆ ಅನ್ನೋ ವಿಷಯದ ಮೇಲೆ ಭಾಷಣ ಮಾಡಿದರು. ಆಗ ಅವರಿಗೆ 27 ವರ್ಷ. ಧಾರವಾಡ ಮುಂಬೈ ಪ್ರಾಂತ್ಯದಲ್ಲಿತ್ತು, ಮೈಸೂರು ಬೇರೆ ಸಂಸ್ಥಾನ. ಆಡುವ ಭಾಷೆ ಒಂದೇ ಆದರೂ ಆಳುವ ಸರ್ಕಾರ ಬೇರೆ ಬೇರೆ. ಆ ಭಾಷಣ ಕನ್ನಡ ನಾಡಿನಲ್ಲೆಲ್ಲ ಹೆಸರಾಯಿತು. ವಿದ್ಯಾವರ್ಧಕ ಸಂಘ 1890ರಲ್ಲಿ ಊರಿನ ಜನವೇ ಸೇರಿ ಕಟ್ಟಿಕೊಂಡಿದ್ದ ಸಂಸ್ಥೆ. ಸರ್ಕಾರ ಕೈ ಬಿಟ್ಟ ಕಡೆ ಸಂಘ ಏನು ಮಾಡಬಹುದು ಅನ್ನೋದಕ್ಕೆ ಅದೇ ಒಂದು ಉದಾಹರಣೆ.

ಬರೀ ಭಾಷಣದಲ್ಲಿ ನಿಲ್ಲಲಿಲ್ಲ

ಭಾಷಣ ಮಾಡಿ ಹಾರ ಹಾಕಿಸಿಕೊಂಡು ಮನೆಗೆ ಹೋಗೋದು ಸುಲಭ. ಶ್ರೀಯವರು ಹೇಳಿದ್ದನ್ನು ತಾವೇ ಮಾಡಿ ತೋರಿಸೋಕೆ ಕೂತರು. ಇಂಗ್ಲಿಷಿನ ಪದ್ಯಗಳನ್ನು ನಮ್ಮ ಆಡುಮಾತಿನ ಲಯಕ್ಕೆ ತಂದು ಬರೆದರು. ಅದೇ 1926ರ ಇಂಗ್ಲಿಷ್ ಗೀತಗಳು. ಅದನ್ನು ಓದಿದ ಹುಡುಗರು, ಅರೆ, ಕನ್ನಡದಲ್ಲಿ ಹೀಗೂ ಬರೀಬಹುದಾ ಅಂತ ತಾವೂ ಬರೆಯೋಕೆ ಶುರು ಮಾಡಿದರು. ರನ್ನನ ಕಾವ್ಯವನ್ನು ಹಿಡಿದು ಗದಾಯುದ್ಧ ನಾಟಕ ಬಂತು. ಗ್ರೀಕ್ ದುರಂತ ನಾಟಕದ ದಾರಿಯಲ್ಲಿ ಅಶ್ವತ್ಥಾಮನ್ ಬಂತು. ಅದರ ಹಿಂದೆ ಪಾರಸಿಕರು.

1926ರಿಂದ 1930ರವರೆಗೆ ಅವರು ಮೈಸೂರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರ್ ಆಗಿದ್ದರು. ಆ ಹೊತ್ತಿನಲ್ಲೇ, 1927ರಲ್ಲಿ, ಅಲ್ಲಿ ಕನ್ನಡ ಎಂ.ಎ. ತರಗತಿ ಶುರುವಾಯಿತು. ಕನ್ನಡ ಕಲಿಯುವವರಿಗೆ ಒಂದೇ ಕಡೆ ಎಲ್ಲ ಸಿಗಲಿ ಅಂತ ಕನ್ನಡ ಕೈಪಿಡಿ ಬಂತು. ಕುರ್ಚಿ ಸಿಕ್ಕಾಗ ಅದನ್ನು ಯಾವ ಕೆಲಸಕ್ಕೆ ಬಳಸಬೇಕು ಅನ್ನೋದು ಅವರಿಗೆ ಮೊದಲೇ ಗೊತ್ತಿತ್ತು. ಎಷ್ಟೋ ಜನಕ್ಕೆ ಕುರ್ಚಿ ಸಿಕ್ಕ ಮೇಲೆ ಏನು ಮಾಡೋದು ಅನ್ನೋ ಯೋಚನೆ ಶುರುವಾಗುತ್ತೆ. ಅಷ್ಟರಲ್ಲಿ ಅವಧಿ ಮುಗಿದಿರುತ್ತೆ.

1928ರಲ್ಲಿ ಕಲಬುರಗಿಯಲ್ಲಿ ನಡೆದ 14ನೇ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಕಲಬುರಗಿ ಆಗ ಹೈದರಾಬಾದ್ ನಿಜಾಮರ ಆಡಳಿತದಲ್ಲಿತ್ತು. ಧಾರವಾಡ, ಕಲಬುರಗಿ, ಮೈಸೂರು, ಹೀಗೆ ಹರಿದು ಹಂಚಿಹೋದ ಕನ್ನಡ ನಾಡನ್ನು ಒಂದು ಸಂಘದ ಚಾಪೆ ಮೇಲೆ ಕೂರಿಸಬಹುದು ಅಂತ ತೋರಿಸುವ ಕೆಲಸ ಅದು. ನಾಡು ಒಂದಾಗಿದ್ದು 1956ರಲ್ಲಿ. ಅದನ್ನು ನೋಡೋಕೆ ಅವರು ಇರಲಿಲ್ಲ.

ಚಾಮರಾಜಪೇಟೆಯ ಬಾಗಿಲು

ಈಗ ಸಂಘದ ವಿಷಯಕ್ಕೆ ಬರೋಣ. ಸಾಹಿತ್ಯ ಪರಿಷತ್ತು ಹುಟ್ಟಿದ್ದು 1915ರ ಮೇ 5ರಂದು, ಬೆಂಗಳೂರಲ್ಲಿ. ಆಗ ಅದರ ಹೆಸರು ಕರ್ನಾಟಕ ಸಾಹಿತ್ಯ ಪರಿಷತ್ತು. ಎಚ್.ವಿ. ನಂಜುಂಡಯ್ಯನವರು ಮೊದಲ ಅಧ್ಯಕ್ಷರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲ. ಮುಂದೆ ಚಾಮರಾಜಪೇಟೆಯಲ್ಲಿ ಪರಿಷತ್ತಿಗೆ ಸ್ವಂತ ಕಟ್ಟಡವಾಯಿತು. ಚಾಮರಾಜಪೇಟೆ 1892ರಲ್ಲಿ ಹುಟ್ಟಿದ ಬಡಾವಣೆ, ಈಗ ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಒಂದು. ಆ ಕಟ್ಟಡ ಇವತ್ತೂ ಅಲ್ಲೇ ಇದೆ.

ಅಧ್ಯಕ್ಷ ಪದವಿ ಅರಮನೆಗೆ ಹೋಗಿತ್ತು. 1924ರಿಂದ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಅಧ್ಯಕ್ಷರು. ದಿನನಿತ್ಯದ ಭಾರವೆಲ್ಲ ಉಪಾಧ್ಯಕ್ಷರ ಹೆಗಲ ಮೇಲೆ. 1933ರಿಂದ ಡಿ.ವಿ.ಜಿ.ಯವರು ಆ ಭಾರ ಹೊತ್ತಿದ್ದರು. 1938ರಲ್ಲಿ ಅದು ಶ್ರೀಯವರಿಗೆ ಬಂತು. ಅದೇ ವರ್ಷ ಅರಮನೆಯಿಂದ ರಾಜಸೇವಾಸಕ್ತ ಬಿರುದೂ ಬಂತು. ಆಗ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಲ್ಲಿ ಇಂಗ್ಲಿಷ್ ಪ್ರೊಫೆಸರ್, ವಯಸ್ಸು 54. ಬಿರುದು ಇಟ್ಟುಕೊಂಡು, ಪೆನ್ಷನ್ ಎಣಿಸಿಕೊಂಡು ಇರಬಹುದಾದ ವಯಸ್ಸು.

ಸಂಘಗಳಲ್ಲಿ ದುಡಿದವರಿಗೆ ಈ ಏರ್ಪಾಡು ಚೆನ್ನಾಗಿ ಗೊತ್ತು. ಬ್ಯಾನರಿನಲ್ಲಿ ದೊಡ್ಡ ಫೋಟೋ ಒಬ್ಬರದು. ಕುರ್ಚಿ ಜೋಡಿಸೋದು, ರಸೀದಿ ಪುಸ್ತಕ ಇಟ್ಟುಕೊಳ್ಳೋದು, ಕರೆಂಟ್ ಬಿಲ್ ಕಟ್ಟೋದು ಇನ್ನೊಬ್ಬರ ಪಾಲು. ಶ್ರೀಯವರು ಈ ಎರಡನೇ ಜಾಗದಲ್ಲಿ ಕೂತು ಕೆಲಸ ಮಾಡಿದರು. ಐದು ವರ್ಷದಲ್ಲಿ ಅವರು ಮಾಡಿದ ನಾಲ್ಕು ಕೆಲಸಗಳನ್ನು ಒಂದೊಂದಾಗಿ ನೋಡೋಣ. ಒಂದಕ್ಕೊಂದು ಕೊಂಡಿ ಇದೆ.

ಮೊದಲ ಕೆಲಸ: ಬಂದವರಿಗೆ ಮಾಡೋಕೆ ಏನಾದರೂ ಕೊಡೋದು

ಸಂಘಕ್ಕೆ ಹೊಸಬರು ಬರ್ತಾರೆ. ಎರಡು ಸಭೆಗೆ ಕೂತು ಭಾಷಣ ಕೇಳ್ತಾರೆ. ಮೂರನೇ ಸಭೆಗೆ ಬರಲ್ಲ. ಯಾಕೆ? ಅವರಿಗೆ ಅಲ್ಲಿ ಕೆಲಸ ಇಲ್ಲ, ಬರೀ ಚಪ್ಪಾಳೆ ತಟ್ಟೋದಷ್ಟೇ. ಈ ರೋಗ ಎಲ್ಲ ಕಾಲದ ಸಂಘಕ್ಕೂ ಇದೆ.

ಶ್ರೀಯವರ ಕಾಲದಲ್ಲಿ ಪರಿಷತ್ತು ಕನ್ನಡ ಪರೀಕ್ಷೆಗಳನ್ನು ಶುರು ಮಾಡಿತು. ಕಾವ, ಜಾಣ ಅಂತ ಹೆಸರು. ಹೆಸರೇ ನೋಡಿ, ಎಷ್ಟು ಸಲೀಸು. ಕಾಪಾಡುವವನು ಕಾವ, ತಿಳಿದವನು ಜಾಣ. ಆ ಸಾಲಿನಲ್ಲೇ ರತ್ನ ಇದೆ. ಕಾಲೇಜು ಮೆಟ್ಟಿಲು ಹತ್ತದವರೂ ಈ ಪರೀಕ್ಷೆಗೆ ಕೂರಬಹುದಿತ್ತು. ಕೆಲಸಕ್ಕೆ ಹೋಗುವವರು, ಮದುವೆಯಾಗಿ ಓದು ಬಿಟ್ಟ ಹೆಣ್ಣುಮಕ್ಕಳು, ಊರಲ್ಲೇ ಉಳಿದುಕೊಂಡವರು, ಎಲ್ಲರಿಗೂ ಕನ್ನಡದ ಬಾಗಿಲು ತೆರೆಯಿತು. ಜೊತೆಗೆ ಗಮಕ ತರಗತಿಗಳು. ನಮ್ಮ ಹಳ್ಳಿ ಜಗಲಿಯಲ್ಲಿ ಭಾರತ ಓದಿಸುತ್ತಿದ್ದ ಸಂಪ್ರದಾಯಕ್ಕೆ ಒಂದು ನೆಲೆ ಸಿಕ್ಕಿದ ಹಾಗಾಯಿತು.

ಪರೀಕ್ಷೆ ಅಂದರೆ ಏನೇನು ಬೇಕು ಯೋಚಿಸಿ. ಪಾಠ ಪುಸ್ತಕ ಬೇಕು. ಪಾಠ ಹೇಳುವವರು ಬೇಕು. ಪ್ರಶ್ನೆಪತ್ರಿಕೆ ಮಾಡುವವರು, ಕಾವಲು ಕೂರುವವರು, ಉತ್ತರ ತಿದ್ದುವವರು ಬೇಕು. ಹತ್ತಾರು ಜನಕ್ಕೆ ಕೈ ತುಂಬ ಕೆಲಸ. ಒಂದು ವರ್ಷದ ಪರೀಕ್ಷೆ ಮುಗಿದರೆ ಮುಂದಿನ ವರ್ಷದ್ದು ಕಾದಿರುತ್ತೆ. ಸಂಘ ಮಲಗೋಕೆ ಪುರುಸೊತ್ತೇ ಇಲ್ಲ. ಈ ಪರೀಕ್ಷೆಗಳನ್ನು ಪರಿಷತ್ತು ಎಷ್ಟೋ ದಶಕ ನಡೆಸಿಕೊಂಡು ಬಂದಿದೆ. ನಮ್ಮ ಮನೆಗಳಲ್ಲಿ ಹಳೇ ಪೆಟ್ಟಿಗೆ ತೆಗೆದರೆ ಅಜ್ಜಿಯದೋ ದೊಡ್ಡಪ್ಪನದೋ ಜಾಣ ಪರೀಕ್ಷೆಯ ಪ್ರಮಾಣಪತ್ರ ಇದ್ದರೂ ಇರಬಹುದು, ಒಂದು ಸಲ ಹುಡುಕಿ ನೋಡಿ.

ಎರಡನೇ ಕೆಲಸ: ಸುದ್ದಿ ಮನೆಗೆ ಮುಟ್ಟಿಸೋದು

ಪರಿಷತ್ತಿಗೆ ಮೊದಲಿಂದಲೂ ಒಂದು ಪತ್ರಿಕೆ ಇತ್ತು. ಅದು ವಿದ್ವಾಂಸರ ಪತ್ರಿಕೆ. ಹಳಗನ್ನಡ, ಶಾಸನ, ಛಂದಸ್ಸು ಅಂತ ಗಂಭೀರ ಬರಹ. ಬೇಕಾದದ್ದೇ, ಆದರೆ ಅಂಗಡಿಯಲ್ಲಿ ಕೂತವರು ಬಿಡಿಸಿ ಓದುವಂಥದ್ದಲ್ಲ. ಶ್ರೀಯವರು ಬಂದ 1938ರಲ್ಲಿ ಕನ್ನಡ ನುಡಿ ಅನ್ನೋ ಪತ್ರಿಕೆ ಹೊರಟಿತು. ಎಲ್ಲರಿಗೂ ಅರ್ಥವಾಗುವ ಹಾಗೆ, ನಾಡಲ್ಲಿ ಕನ್ನಡದ ಕೆಲಸ ಎಲ್ಲೆಲ್ಲಿ ಏನು ನಡೀತಿದೆ ಅಂತ ತಿಳಿಸೋ ಪತ್ರಿಕೆ. ಹಳೇ ಕಾಲದಿಂದ ಆ ಕಾಲದವರೆಗೆ ಕನ್ನಡದ ಬಗ್ಗೆ ಬಂದ ಪದ್ಯಗಳನ್ನು ಆರಿಸಿ ಕನ್ನಡ ಬಾವುಟ ಅನ್ನೋ ಸಂಕಲನವನ್ನೂ ಅವರು ಮಾಡಿದರು.

ಒಂದೇ ಸಂಘಕ್ಕೆ ಎರಡು ಪತ್ರಿಕೆ ಯಾಕೆ ಅಂತ ಕೇಳಬಹುದು. ತಿಳಿದವರಿಗೆ ಒಂದು, ತಿಳಿಯಬೇಕು ಅನ್ನೋರಿಗೆ ಇನ್ನೊಂದು. ದೂರದ ಊರಲ್ಲಿ ಚಂದಾ ಕಟ್ಟಿದವನಿಗೆ ತನ್ನ ದುಡ್ಡು ಎಲ್ಲಿ ಹೋಯಿತು ಅಂತ ಗೊತ್ತಾಗದಿದ್ದರೆ ಮುಂದಿನ ವರ್ಷ ಅವನು ಚಂದಾ ಕೊಡಲ್ಲ. ಇವತ್ತು ವಾಟ್ಸಾಪ್ ಗುಂಪು ಇದೆ, ಪತ್ರಿಕೆ ಯಾಕೆ ಅನ್ನಬಹುದು. ಶುಭೋದಯ ಸಂದೇಶಗಳ ನಡುವೆ ಸಂಘದ ಲೆಕ್ಕ ಹಾಕಿದ ಗುಂಪು ಎಷ್ಟಿವೆ ಅಂತ ನೀವೇ ಹೇಳಿ.

ಮೂರನೇ ಕೆಲಸ: ಸ್ವಂತದ್ದು ಒಂದು ಇರಬೇಕು

ಪತ್ರಿಕೆ ಬೇಕು, ಪಾಠ ಪುಸ್ತಕ ಬೇಕು, ಪ್ರಶ್ನೆಪತ್ರಿಕೆ ಬೇಕು. ಎಲ್ಲವನ್ನೂ ಹೊರಗಡೆ ಅಚ್ಚು ಹಾಕಿಸಿದರೆ ದುಡ್ಡೆಲ್ಲ ಅಲ್ಲಿಗೇ. ಜೊತೆಗೆ ಅವರು ಕೊಟ್ಟಾಗ ತಗೋಬೇಕು. ಶ್ರೀಯವರ ಕಾಲದಲ್ಲಿ ಪರಿಷತ್ತಿಗೆ ಸ್ವಂತ ಅಚ್ಚುಕೂಟವಾಯಿತು. ಆ ಅಚ್ಚುಕೂಟಕ್ಕೆ ಬಿ.ಎಂ.ಶ್ರೀ ಅವರ ಹೆಸರನ್ನೇ ಇಟ್ಟರು.

ಅಂಗಡಿ ನಡೆಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಡಿಗೆ ತಕ್ಕಡಿಯಲ್ಲಿ ಎಷ್ಟು ದಿನ ವ್ಯಾಪಾರ ಮಾಡೋಕಾಗುತ್ತೆ? ಸಂಘಕ್ಕೂ ಹಾಗೇ. ಪ್ರತಿ ಕಾರ್ಯಕ್ರಮಕ್ಕೂ ಶಾಮಿಯಾನ, ಕುರ್ಚಿ, ಮೈಕು ಬಾಡಿಗೆಗೆ ತಂದು ವರ್ಷದ ವಂತಿಗೆ ಅಲ್ಲೇ ಸುರಿಯೋ ಸಂಘಗಳಿವೆ. ನೂರು ಕುರ್ಚಿ, ಒಂದು ಮೈಕ್ ಸೆಟ್ ಸ್ವಂತಕ್ಕೆ ಕೊಂಡು, ಬೀದಿಯವರ ಮದುವೆ ಮುಂಜಿಗೆ ಕಡಿಮೆ ಬಾಡಿಗೆಗೆ ಕೊಟ್ಟರೆ ಸಂಘಕ್ಕೂ ನಾಲ್ಕು ಕಾಸು, ಬೀದಿಗೂ ಅನುಕೂಲ. ಅಚ್ಚುಕೂಟದ ಹಿಂದಿನ ಲೆಕ್ಕವೂ ಇದೇ ಜಾತಿಯದು. ಆಡಳಿತ ಬದಲಾದರೂ ವಸ್ತು ಉಳಿಯುತ್ತೆ. ವಸ್ತು ಇದ್ದರೆ ಅದನ್ನು ನೋಡಿಕೊಳ್ಳೋಕಾದರೂ ಯಾರೋ ಒಬ್ಬರು ಬಾಗಿಲು ತೆಗೀತಾರೆ.

ನಾಲ್ಕನೇ ಕೆಲಸ: ಮನೆಯ ಇನ್ನರ್ಧವನ್ನು ಕರೆಯೋದು

1930ರ ದಶಕದ ಸಾಹಿತ್ಯ ಸಭೆ ಅಂದರೆ ಪೇಟ ಸುತ್ತಿದ ಗಂಡಸರ ಸಭೆ. ಶ್ರೀಯವರ ಅವಧಿಯಲ್ಲಿ ಪರಿಷತ್ತಿನಲ್ಲಿ ಮಹಿಳಾ ಶಾಖೆ ಶುರುವಾಯಿತು. ಹೆಂಗಸರಿಗೆ ತಮ್ಮದೇ ಆದ ಒಂದು ಜಾಗ ಸಿಕ್ಕಿತು.

ಇದರ ಫಲ ಒಂದೇ ದಿನಕ್ಕೆ ಬರಲಿಲ್ಲ. ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷೆಯಾಗಿ ಜಯದೇವಿತಾಯಿ ಲಿಗಾಡೆ ಅವರು ಕೂತದ್ದು 1974ರಲ್ಲಿ. ಎಲ್ಲಿ ಗೊತ್ತಾ? ನಮ್ಮ ಮಂಡ್ಯದಲ್ಲೇ. ಪರಿಷತ್ತು ಹುಟ್ಟಿ 59 ವರ್ಷ ಆಗಿತ್ತು. ಅಷ್ಟು ತಡ ಆಗಿದ್ದು ನಾಚಿಕೆಯ ವಿಷಯವೇ. ಆ ನಾಚಿಕೆ ಈಗ ಮುಗಿದು ಹೋಯಿತು ಅಂತ ಅಂದುಕೊಳ್ಳೋದೂ ಬೇಡ. ನಮ್ಮ ಬೀದಿ ಸಮಿತಿಗಳ ಪಾಂಪ್ಲೆಟ್ ತೆಗೆದು ನೋಡಿ, ಪದಾಧಿಕಾರಿಗಳ ಪಟ್ಟಿಯಲ್ಲಿ ಹೆಣ್ಣುಮಕ್ಕಳ ಹೆಸರು ಎಷ್ಟಿದೆ ಎಣಿಸಿ. ಪ್ರಸಾದಕ್ಕೆ ಅಕ್ಕಿ ಆರಿಸುವಾಗ, ಬೀದಿಗೆ ರಂಗೋಲಿ ಹಾಕುವಾಗ ಇರುವವರು ಲೆಕ್ಕ ಓದುವಾಗ ಯಾಕಿಲ್ಲ?

ಇದಕ್ಕೆ ಕೊಟ್ಟ ಬೆಲೆ

ಇಷ್ಟೆಲ್ಲ ಓದಿದ ಮೇಲೆ ಒಂದು ಕಹಿ ಮಾತನ್ನೂ ಹೇಳಬೇಕು. ಸಂಘದ ಕೆಲಸ ಯಾರನ್ನೂ ಪುಕ್ಕಟೆ ಬಿಡಲ್ಲ.

ಶ್ರೀಯವರು ಬರೆದ ಪುಸ್ತಕಗಳನ್ನು ಒಂದು ಕಡೆ ಇಟ್ಟರೆ ದೊಡ್ಡ ರಾಶಿಯೇನೂ ಆಗಲ್ಲ. ಒಂದು ಅನುವಾದ ಸಂಕಲನ, ಮೂರು ನಾಟಕ, 1943ರಲ್ಲಿ ಬಂದ ಹೊಂಗನಸುಗಳು ಅನ್ನೋ ಸ್ವಂತ ಪದ್ಯಗಳ ಸಂಕಲನ, ಜೊತೆಗೆ ಭಾಷಣ, ಲೇಖನ. ಕನ್ನಡ ಸಾಹಿತ್ಯದ ಚರಿತ್ರೆಯನ್ನು ಬರೆಯೋಕೆ ಹೊರಟಿದ್ದರು. ಅವರಷ್ಟು ಓದಿದವರು, ಇಂಗ್ಲಿಷ್, ಗ್ರೀಕ್, ಹಳಗನ್ನಡ ಮೂರರ ಸಾಹಿತ್ಯವನ್ನೂ ಒಟ್ಟಿಗೆ ಇಟ್ಟು ನೋಡಬಲ್ಲವರು ಬೆರಳೆಣಿಕೆಯಷ್ಟು. ಅವರು ಬದುಕಿರುವಾಗ ಅದು ಪುಸ್ತಕವಾಗಿ ಬರಲಿಲ್ಲ. ಬರೆದಿಟ್ಟಷ್ಟು ಅವರು ತೀರಿಕೊಂಡ ಮೇಲೆ ಅಚ್ಚಾಯಿತು.

ಪರೀಕ್ಷೆ, ಪತ್ರಿಕೆ, ಅಚ್ಚುಕೂಟ ಅಂತ ಓಡಾಡದಿದ್ದರೆ ಆ ಪುಸ್ತಕ ಮುಗಿದಿರುತ್ತಿತ್ತಾ? ಮುಗಿದಿರಬಹುದು. ಆದರೆ ಅದನ್ನು ಓದುವ ಜನ ಎಷ್ಟಿರುತ್ತಿದ್ದರು? ಓದುಗರನ್ನು ತಯಾರು ಮಾಡೋದೋ, ತನ್ನ ಪುಸ್ತಕ ಮುಗಿಸೋದೋ? ಅವರ ಹೆಚ್ಚಿನ ಹೊತ್ತು ಮೊದಲನೆಯದಕ್ಕೆ ಹೋಯಿತು. ನಮ್ಮಲ್ಲೂ ಇಂಥವರು ಇದ್ದಾರೆ. ಊರ ಹಬ್ಬದ ಮೂರು ದಿನ ತಮ್ಮ ಅಂಗಡಿಗೆ ಬೀಗ ಹಾಕಿಕೊಂಡು, ಪಕ್ಕದವರ ಅಂಗಡಿಯಲ್ಲಿ ವ್ಯಾಪಾರ ಜೋರಾಗಿ ನಡೆಯೋದನ್ನು ನೋಡುತ್ತಾ, ದೇವಸ್ಥಾನದ ಮುಂದೆ ಕ್ಯೂ ಸರಿ ಮಾಡುವವರು. ಮನೆಯಲ್ಲಿ ಬೈಸಿಕೊಳ್ತಾರೆ. ಸಂಘದಲ್ಲೂ ಬೈಸಿಕೊಳ್ತಾರೆ. ಅವರಿಗೆ ವರ್ಷಕ್ಕೊಂದು ಶಾಲು ಹೊದಿಸಿದರೆ ಋಣ ತೀರಿತು ಅಂತ ನಾವು ತಿಳಿದುಕೊಂಡಿದ್ದೀವಿ. ಅವರ ಭಾರ ಹಂಚಿಕೊಂಡರೆ ಅದು ಶಾಲಿಗಿಂತ ದೊಡ್ಡ ಮರ್ಯಾದೆ.

ಶ್ರೀಯವರಿಗೂ ಸನ್ಮಾನವಾಯಿತು. 1941ರಲ್ಲಿ ಶಿಷ್ಯರು, ಸ್ನೇಹಿತರು ಸೇರಿ ಸಂಭಾವನೆ ಅನ್ನೋ ಗೌರವ ಗ್ರಂಥ ಒಪ್ಪಿಸಿದರು. ಆ ಕಾಲದ ಕನ್ನಡದ ದೊಡ್ಡ ದೊಡ್ಡ ಬರಹಗಾರರು ಅದರಲ್ಲಿ ಬರೆದರು. ಅವರಲ್ಲಿ ಅವರ ಪಾಠ ಕೇಳಿ ಬೆಳೆದವರೂ ಇದ್ದರು.

ಕುರ್ಚಿ ಬಿಟ್ಟ ಮೇಲೆ

1943ಕ್ಕೆ ಉಪಾಧ್ಯಕ್ಷತೆ ಮುಗಿಯಿತು. ಕಾಲೇಜಿನ ಸೇವೆಯೂ ಮುಗಿದಿತ್ತು. ಮರುವರ್ಷ, 60ನೇ ವಯಸ್ಸಿನಲ್ಲಿ, ಅವರು ಧಾರವಾಡಕ್ಕೆ ಹೋದರು. ಅಲ್ಲಿ ಕರ್ನಾಟಕ ಎಜುಕೇಷನ್ ಬೋರ್ಡಿನವರ ಹೊಸ ಆರ್ಟ್ಸ್ ಕಾಲೇಜು ಶುರುವಾಗಿತ್ತು. ಅದಕ್ಕೆ ಪ್ರಿನ್ಸಿಪಾಲರಾದರು. 27ರ ಹರೆಯದಲ್ಲಿ ಭಾಷಣ ಮಾಡಿದ ಊರಿಗೆ 33 ವರ್ಷ ಆದ ಮೇಲೆ ಮತ್ತೆ ಕಾಲೇಜು ಕಟ್ಟೋಕೆ ಹೋದ ಹಾಗಾಯಿತು. ಅಲ್ಲೇ 1946ರ ಜನವರಿ 5ರಂದು ತೀರಿಕೊಂಡರು. ಎರಡು ದಿನದ ಹಿಂದಷ್ಟೇ 62 ತುಂಬಿತ್ತು. ದೇಶಕ್ಕೆ ಸ್ವಾತಂತ್ರ್ಯ ಬರೋಕೆ ಇನ್ನೂ ಒಂದೂವರೆ ವರ್ಷ ಇತ್ತು.

ಅವರು ಹೋದರೂ ಕನ್ನಡ ನುಡಿ ನಿಂತು ಹೋಗಲಿಲ್ಲ. ಪರೀಕ್ಷೆಗಳು ನಡೆದವು. ಅಚ್ಚುಕೂಟ ಓಡಿತು. ಸಂಘ ಚೆನ್ನಾಗಿ ನಡೆಸಿದರಾ ಇಲ್ವಾ ಅಂತ ತಿಳಿಯೋಕೆ ಇದಕ್ಕಿಂತ ಬೇರೆ ಪರೀಕ್ಷೆ ಬೇಕಾಗಿಲ್ಲ. ಒಬ್ಬರು ಎದ್ದು ಹೋದ ದಿನ ಬೀಗದ ಕೈ ಎಲ್ಲಿದೆ ಅಂತ ಹುಡುಕಾಡುವ ಸಂಘ ಆ ಒಬ್ಬರ ಜೊತೆಗೇ ಮುಗಿಯುತ್ತೆ.

1979ರಲ್ಲಿ ಅವರ ಶಿಷ್ಯ ಎಂ.ವಿ. ಸೀತಾರಾಮಯ್ಯನವರು ಬೆಂಗಳೂರಿನ ಎನ್.ಆರ್. ಕಾಲೋನಿಯಲ್ಲಿ ಬಿ.ಎಂ.ಶ್ರೀ ಸ್ಮಾರಕ ಪ್ರತಿಷ್ಠಾನ ಕಟ್ಟಿದರು. ಹಳೇ ಬಡಾವಣೆಯ ಒಳಗೆ, ಮನೆಗಳ ಮಧ್ಯೆ, ಪುಸ್ತಕ, ಹಸ್ತಪ್ರತಿ, ಪಾಠ, ಉಪನ್ಯಾಸ ಅಂತ ನಡೆಯುವ ಸಂಸ್ಥೆ. ಗುರು ಸಂಘ ಕಟ್ಟಿದ್ದನ್ನು ನೋಡಿದ ಶಿಷ್ಯ ಗುರುವಿನ ಹೆಸರಲ್ಲಿ ಇನ್ನೊಂದು ಸಂಘ ಕಟ್ಟಿದರು.

ನಮ್ಮ ತಾಲೂಕುಗಳ ನಂಟು

ನಮ್ಮ ಕಡೆಯವರಿಗೆ ಖುಷಿ ಕೊಡುವ ಇನ್ನೊಂದು ವಿಷಯ ಇದೆ. ಬಿ.ಎಂ.ಶ್ರೀ ಅವರ ಜೀವನವನ್ನು ಸಾಹಿತ್ಯ ಅಕಾಡೆಮಿಗಾಗಿ ಬರೆದುಕೊಟ್ಟವರು ಎ.ಎನ್. ಮೂರ್ತಿರಾಯರು. ಅವರ ಹೆಸರಿನ ಮೊದಲ ಅಕ್ಷರ ಅಕ್ಕಿಹೆಬ್ಬಾಳು, ಕೆ.ಆರ್.ಪೇಟೆ ತಾಲೂಕು. ಅವರೂ ಇಂಗ್ಲಿಷ್ ಮೇಷ್ಟ್ರೇ, ಕನ್ನಡದಲ್ಲಿ ಬರೆದು ಹೆಸರಾದವರು. 1900ರಲ್ಲಿ ಹುಟ್ಟಿ 2003ರವರೆಗೆ ಬದುಕಿದರು. ಪಾಂಡವಪುರ ತಾಲೂಕಿನ ಮೇಲುಕೋಟೆಯವರು ಪು.ತಿ.ನ. ಈ ಮೂವರೂ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದವರು: 1928ರಲ್ಲಿ ಬೆಳ್ಳೂರಿನ ಹೆಸರು ಹೊತ್ತವರು, 1981ರಲ್ಲಿ ಮೇಲುಕೋಟೆಯವರು, 1984ರಲ್ಲಿ ಅಕ್ಕಿಹೆಬ್ಬಾಳಿನವರು. ಅವರಲ್ಲಿ ಮೊದಲನೆಯವರು ಅಕ್ಷರ ಕಲಿತದ್ದು ಶ್ರೀರಂಗಪಟ್ಟಣದಲ್ಲಿ. ನಾಲ್ಕು ತಾಲೂಕಿಗೂ ಪಾಲು ಇದೆ.

ಇಷ್ಟಿದ್ದೂ ಪಟ್ಟಣಕ್ಕೆ ಬರುವ ಪ್ರವಾಸಿಗರಿಗೆ ನಾವು ಕೋಟೆ, ದೇವಸ್ಥಾನ, ದರಿಯಾ ದೌಲತ್, ಗುಂಬಜ್, ಸಂಗಮ ತೋರಿಸ್ತೀವಿ. ಇಲ್ಲಿ ಓದಿದ ಒಬ್ಬ ಹುಡುಗ ಕನ್ನಡದ ದಾರಿ ಬದಲಿಸಿದ ಅಂತ ಹೇಳೋದು ಬಿಟ್ಟುಬಿಡ್ತೀವಿ. ಹೇಳೋಕೆ ಕೋಟಿಗಟ್ಟಲೆ ಅನುದಾನ ಬೇಕಾಗಿಲ್ಲ. ಬೀದಿ ಸಂಘದ ನಾಲ್ಕು ಜನ ಮನಸ್ಸು ಮಾಡಿದರೆ ಸಾಕು.

ನವೆಂಬರ್ ಆದ ಮೇಲೆ

ಇಂಥ ಸಂಘವನ್ನು ನೋಂದಣಿ ಮಾಡಿಸೋದು ಕಷ್ಟವೇನಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಏಳು ಜನ ಸೇರಿದರೆ ಸಂಘ. ಆಮೇಲೆ ವರ್ಷಕ್ಕೊಂದು ಸರ್ವಸದಸ್ಯರ ಸಭೆ ಮಾಡಬೇಕು, ಲೆಕ್ಕಪತ್ರ ಸಲ್ಲಿಸಬೇಕು. ಏಳು ಜನ ಮೊದಲ ದಿನ ಸಿಗ್ತಾರೆ. ಐದನೇ ವರ್ಷದ ಲೆಕ್ಕ ಓದುವ ದಿನ ಎಷ್ಟು ಜನ ಇರ್ತಾರೆ ಅನ್ನೋದರ ಮೇಲೆ ಎಲ್ಲ ನಿಂತಿದೆ.

ನವೆಂಬರ್ 1ಕ್ಕೆ ನಮ್ಮ ಸರ್ಕಲ್‌ಗಳಲ್ಲಿ ಬಾವುಟ ಹಾರುತ್ತೆ, ಆರ್ಕೆಸ್ಟ್ರಾ ನಡೆಯುತ್ತೆ. ಡಿಸೆಂಬರಿಗೆ ಸಂಘದ ಬಾಗಿಲು ಹಾಕಿರುತ್ತೆ. ಈ ಸಲ ಒಂದೇ ಒಂದು ಬದಲಾವಣೆ ಮಾಡಿ ನೋಡಬಹುದು. ವರ್ಷವಿಡೀ ನಡೆಯುವ ಒಂದು ಸಣ್ಣ ಕೆಲಸವನ್ನು ಹಿಡಿದುಕೊಳ್ಳೋದು. ಸಂಜೆ ಹೊತ್ತು ಮಕ್ಕಳಿಗೆ ಕನ್ನಡ ಓದು ಹೇಳಿಕೊಡೋದೋ, ಬೀದಿಯ ಹಳೇ ಮನೆ, ಕೊಳ, ಕಲ್ಲು ಶಾಸನಗಳ ಪಟ್ಟಿ ಮಾಡೋದೋ, ಒಂದು ಕಪಾಟು ಪುಸ್ತಕ ಇಟ್ಟು ದಿನಾ ಬಾಗಿಲು ತೆಗೆಯೋದೋ. ಯಾವುದಾದರೂ ಸರಿ. ಕೆಲಸ ಒಬ್ಬರ ತಲೆ ಮೇಲೆ ಬೀಳದ ಹಾಗೆ ಹಂಚಿಕೊಂಡು, ಬೀಗದ ಕೈ ಇಬ್ಬರ ಹತ್ತಿರ ಇಟ್ಟು, ಲೆಕ್ಕವನ್ನು ಗೋಡೆ ಮೇಲೆ ಅಂಟಿಸಿ.

ಬೆಳ್ಳೂರು ಕ್ರಾಸಲ್ಲಿ ಮುಂದಿನ ಸಲ ಬಸ್ಸಿಗೆ ಕಾಯುವಾಗ ಪಕ್ಕದಲ್ಲಿ ನಿಂತ ಶಾಲೆ ಹುಡುಗನಿಗೆ ಕೇಳಿ ನೋಡಿ, ಬಿ.ಎಂ.ಶ್ರೀ ಹೆಸರಿನ ಬಿ ಅಂದರೆ ಏನು ಅಂತ. ಗೊತ್ತಿಲ್ಲ ಅಂದರೆ ಬೈಬೇಡಿ. ಊರಿನ ಬೋರ್ಡ್ ಕಡೆ ಕೈ ತೋರಿಸಿ. ಬಸ್ಸು ಬರೋವರೆಗೂ ಉಳಿದ ಕಥೆ ಹೇಳೋಕೆ ನಿಮಗೆ ಸಮಯ ಇರುತ್ತೆ.